ನಾಲ್ಕು ಸರ್ವರ್, ಎರಡು ಬೆಲೆ: ಕ್ಯಾಶ್ ಎಲ್ಲಿಡೋದು?

ಪ್ರಶ್ನೆ: ಲೋಡ್ ಬ್ಯಾಲೆನ್ಸರ್ (ಬಂದ ರಿಕ್ವೆಸ್ಟ್‌ಗಳನ್ನು ಹಂಚುವ ವ್ಯವಸ್ಥೆ) ಹಿಂದೆ ನಾಲ್ಕು ಸರ್ವರ್ ಇವೆ. ಉತ್ಪನ್ನಗಳ ವಿವರ ಆಯಾ ಪ್ರೋಸೆಸ್‌ನ ಮೆಮೊರಿಯಲ್ಲೇ ಕ್ಯಾಶ್ (ಬೇಗ ಸಿಗಲೆಂದು ಇಟ್ಟುಕೊಂಡ ಪ್ರತಿ) ಆಗಿ 10 ನಿಮಿಷ ಇರುತ್ತದೆ. ಬೆಲೆ ಬದಲಿಸಿ ರಿಫ್ರೆಶ್ ಮಾಡಿದರೆ ಒಮ್ಮೆ ಹೊಸದು, ಇನ್ನೊಮ್ಮೆ ಹಳೇದು ಬರುತ್ತದೆ. ರೆಡಿಸ್‌ಗೆ (ಎಲ್ಲ ಸರ್ವರ್‌ಗಳೂ ಹಂಚಿಕೊಳ್ಳುವ, ಮೆಮೊರಿಯಲ್ಲೇ ಇರುವ ದತ್ತಾಂಶ ಸಂಗ್ರಹ) ಹೋಗೋದಾ, ಸಿಡಿಎನ್ (ಬಳಕೆದಾರರ ಹತ್ತಿರ ಪುಟಗಳ ಪ್ರತಿ ಇಡುವ ಸರ್ವರ್ ಜಾಲ) ಹಾಕೋದಾ ಸರ್?

ಉತ್ತರ: ಒಂದೊಂದು ಸರ್ವರ್ ಬಳಿ ಒಂದೊಂದು ಪ್ರತಿ ಇದೆ, ಅವಧಿ ಮುಗಿಯುವ ಹೊತ್ತೂ ಬೇರೆ ಬೇರೆ. ಅದಕ್ಕೇ ಈ ಆಟ. ಎರಡೂ ಬೇಕಾಗುತ್ತೆ, ಆದರೆ ಬೇರೆ ಬೇರೆ ಕೆಲಸಕ್ಕೆ.

ಬೆಲೆ, ದಾಸ್ತಾನುಗಳಿಗೆ ರೆಡಿಸ್. ಮೊದಲು ರೆಡಿಸ್‌ನಲ್ಲಿ ಹುಡುಕಿ, ಇಲ್ಲದಿದ್ದರೆ ಡೇಟಾಬೇಸ್‌ನಿಂದ ಓದಿ ತುಂಬಿಸಿ. ಬದಲಾವಣೆ ಇದ್ದಾಗ ಡೇಟಾಬೇಸ್ ಕಮಿಟ್ ಆದ ಮೇಲೆ (ಬದಲಾವಣೆ ಖಾಯಂ ಆದ ಮೇಲೆ) ರೆಡಿಸ್‌ನಲ್ಲಿರುವ ಕೀ (ಮೌಲ್ಯ ಇಟ್ಟಿರುವ ಹೆಸರು) ಅಳಿಸಿ; ಹೊಸ ಮೌಲ್ಯ ಬರೆಯಲು ಹೋಗಬೇಡಿ. ಒಟ್ಟಿಗೆ ಎರಡು ಬದಲಾವಣೆ ಬಂದರೆ ಹಳೆಯದು ಕೊನೆಗೆ ಬರೆದು ಕೂತುಬಿಡಬಹುದು. ಅಳಿಸಿದರೂ ಒಂದು ಸಂದು ಉಳಿಯುತ್ತೆ: ಕಮಿಟ್‌ಗೆ ಮುಂಚೆ ಹಳೇ ಬೆಲೆ ಓದಿದ ರಿಕ್ವೆಸ್ಟ್, ಅಳಿಸಿದ ನಂತರ ಅದನ್ನೇ ತುಂಬಿಸಬಹುದು. ಹಾಗಾಗಿ ಅವಧಿ ಕೊಡದ ಕೀ ಒಂದೂ ಇರಬಾರದು. ಆರ್ಡರ್ ಹಂತದಲ್ಲಂತೂ ಬೆಲೆ ನೇರ ಡೇಟಾಬೇಸ್‌ನಿಂದಲೇ.

ಎಲ್ಲರಿಗೂ ಒಂದೇ ಆಗಿರುವ ಪುಟ ಸಿಡಿಎನ್‌ಗೆ: ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ಮ್ಯಾಕ್ಸ್-ಏಜ್ (ಬ್ರೌಸರ್‌ಗೆ ಕೊಡುವ ಅವಧಿ) 0, ಎಸ್-ಮ್ಯಾಕ್ಸ್‌ಏಜ್ (ಸಿಡಿಎನ್‌ಗೆ ಕೊಡುವ ಅವಧಿ) 60 ಸೆಕೆಂಡ್. ಸಿಡಿಎನ್‌ನಲ್ಲಿರೋದನ್ನು ನೀವು ಅಳಿಸಬಹುದು, ಬಳಕೆದಾರರ ಬ್ರೌಸರ್‌ನಲ್ಲಿರೋದನ್ನು ಅಳಿಸೋಕಾಗಲ್ಲ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಫೈಲ್ ಹೆಸರಲ್ಲಿ ಹ್ಯಾಶ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತು) ಇದ್ದರೆ 31536000 ಸೆಕೆಂಡ್, ಅಂದರೆ ಒಂದು ವರ್ಷ ಕೊಟ್ಟುಬಿಡಿ. ಲಾಗಿನ್ ಆದವರ ಪುಟಕ್ಕೆ ನೋ-ಸ್ಟೋರ್. ಇಲ್ಲಿ ನೋ-ಕ್ಯಾಶ್ ಹಾಕಿ ಕೈತೊಳೆದುಕೊಳ್ಳುವವರು ಬಹಳ; ಅದು ‘ಇಟ್ಟುಕೋ, ಬಳಸುವ ಮುನ್ನ ಕೇಳು’ ಅಂತ ಹೇಳುತ್ತೆ, ‘ಇಟ್ಟುಕೊಳ್ಳಬೇಡ’ ಅಂತಲ್ಲ.

ಮರುಪ್ರಶ್ನೆ: ಜನಪ್ರಿಯ ಉತ್ಪನ್ನದ ಕೀ ಅವಧಿ ಮುಗಿದ ಕ್ಷಣ ಡೇಟಾಬೇಸ್ ಮೇಲೆ ಎಲ್ಲ ರಿಕ್ವೆಸ್ಟ್‌ಗಳೂ ಮುಗಿಬೀಳಲ್ವಾ?

ಉತ್ತರ: ಬೀಳುತ್ತವೆ. ಓದಿ ತುಂಬಿಸುವ ಕೆಲಸ ಒಬ್ಬರಿಗೇ ಸಿಗಬೇಕು. ಲಾಕ್ ಕೀಯನ್ನು ಸೆಟ್ ಕಮಾಂಡ್‌ನಲ್ಲೇ ಎನ್‌ಎಕ್ಸ್ (ಕೀ ಇಲ್ಲದಿದ್ದರೆ ಮಾತ್ರ ಬರೆ), ಇಎಕ್ಸ್ 10 (10 ಸೆಕೆಂಡ್‌ಗೆ ಅವಧಿ ಮುಗಿ) ಜೊತೆ ಹಾಕಿ. ಸಿಕ್ಕವರು ಡೇಟಾಬೇಸ್‌ಗೆ ಹೋಗಲಿ, ಉಳಿದವರು 50 ಮಿಲಿಸೆಕೆಂಡ್ ಬಿಟ್ಟು ಮತ್ತೆ ರೆಡಿಸ್ ನೋಡಲಿ. ಇಎಕ್ಸ್ ಮರೆತರೆ, ಲಾಕ್ ಹಿಡಿದ ಪ್ರೋಸೆಸ್ ಸತ್ತಾಗ ಆ ಕೀ ಹಾಗೇ ಉಳಿದುಹೋಗುತ್ತೆ. ಬೇರೆ ಬೇರೆ ಕೀಗಳೂ ಒಟ್ಟಿಗೆ ಮುಗಿಯದಂತೆ ಕೀ ಅವಧಿಯ 600 ಸೆಕೆಂಡ್‌ಗೆ 0ರಿಂದ 60ರೊಳಗಿನ ಯಾದೃಚ್ಛಿಕ ಸಂಖ್ಯೆ ಸೇರಿಸಿ.

ಇನ್ನೊಬ್ಬರು: ರೆಡಿಸ್ ಎಷ್ಟು ಮೆಮೊರಿ ಬಳಸಬಹುದು ಅನ್ನುವ ಮ್ಯಾಕ್ಸ್‌ಮೆಮೊರಿ ಮಿತಿಯನ್ನೂ ನೋಡಿ. ರೆಡಿಸ್‌ನ ಮೂಲ ನೀತಿ ನೋಎವಿಕ್ಷನ್. ಮಿತಿ ಮುಟ್ಟಿದರೆ ಹಳೇದು ತೆಗೆಯಲ್ಲ, ಬರೆಯಲು ಬಂದವರಿಗೆ ಎರರ್ ಕೊಡುತ್ತೆ. ಕ್ಯಾಶ್‌ಗೆ ಆಲ್‌ಕೀಸ್-ಎಲ್‌ಆರ್‌ಯು (ಬಹಳ ಹೊತ್ತಿನಿಂದ ಬಳಸದ ಕೀ ತೆಗೆಯುವ ನೀತಿ) ಸರಿ. ಅದೇ ರೆಡಿಸ್‌ನಲ್ಲಿ ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಅನ್ನುವ ದಾಖಲೆ) ಇಟ್ಟಿದ್ದರೆ ಮಾತ್ರ ಅದಕ್ಕೆ ಬೇರೆ ರೆಡಿಸ್ ಇನ್‌ಸ್ಟೆನ್ಸ್ ಮಾಡಿ, ಇಲ್ಲದಿದ್ದರೆ ಮೆಮೊರಿ ತುಂಬಿದಾಗ ಜನ ತಾವಾಗಿಯೇ ಲಾಗೌಟ್ ಆಗುತ್ತಾರೆ.