ಹಳೆ ಕಾರುಗಳ ಬಳಗ ಕಟ್ಟಿದ್ದೇವೆ, ತಿರುಗಾಟ ಹೇಗೆ ನಡೆಸುತ್ತೀರಿ?

ಹೆರಾಲ್ಡ್, ಟಿಳಕವಾಡಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ 1968ರ ಸ್ಟ್ಯಾಂಡರ್ಡ್ ಹೆರಾಲ್ಡ್ ನನ್ನ ಹತ್ತಿರ ಇದೆ. ಊರಲ್ಲಿ ವಿಚಾರಿಸಿದಾಗ ಇಂಥದೇ ಹುಚ್ಚಿನವರು ಇನ್ನೂ ಕೆಲವರು ಸಿಕ್ಕರು. ಮೂರು ಪದ್ಮಿನಿ, ಎರಡು ಅಂಬಾಸಿಡರ್, ಒಂದು ಕಾಂಟೆಸಾ, ಒಂದು ವಿಲ್ಲಿಸ್ ಜೀಪು. ಒಂದೆರಡು ಸಲ ಕ್ಲಬ್ ರೋಡಿನಲ್ಲಿ ಸಿಪಿಎಡ್ ಮೈದಾನದ ಹತ್ತಿರ ಸೇರಿದೆವು. ಬಾನೆಟ್ ಎತ್ತಿದೆವು, ಫೋಟೊ ತೆಗೆದೆವು, ಚಹಾ ಕುಡಿದು ಮನೆಗೆ ಹೋದೆವು. ಆಮೇಲೆ ಬರುವವರು ಕಡಿಮೆಯಾದರು. ಮನೆಯವರಂತೂ ಒಂದೇ ಸಲಕ್ಕೆ ಸಾಕು ಅಂದರು.

ಹೊರದೇಶದ ಸ್ಪೋರ್ಟ್ಸ್ ಕಾರು ಬಳಗಗಳು ತಿಂಗಳಿಗೊಮ್ಮೆ ಊಟ, ಹಳ್ಳಿ ರಸ್ತೆಯ ಪ್ರಯಾಣ, ಸಣ್ಣ ಆಟ ಅಂತ ಮಾಡುತ್ತವೆ. ನಮ್ಮ ಕಡೆ ಅಂಥದ್ದು ನಡೆಯುತ್ತದಾ? ಎಷ್ಟು ದೂರ ಹೋಗಬೇಕು, ಎಲ್ಲಿಗೆ, ದುಡ್ಡು ಹೇಗೆ, ಆರ್‌ಟಿಒ ಮತ್ತು ಪೊಲೀಸರ ಕಡೆ ಏನು ಮಾಡಬೇಕು? ನಡೆಸಿದವರು ಅನುಭವ ಹೇಳಿ.

ಪದ್ಮಿನಿ, ಶಹಾಪುರ, ಬೆಳಗಾವಿ

ಮೊದಲು ದೂರ. ಹೋಗಿ ಬರುವುದು ಸೇರಿ ನೂರು ಕಿಲೋಮೀಟರ್ ಹೆಚ್ಚು ದಾಟಬೇಡಿ. ಕಾಂಟೆಸಾ ಎಷ್ಟು ಓಡುತ್ತದೆ ಅನ್ನೋದನ್ನು ಬಿಡಿ. ನಿಮ್ಮ ಜೀಪು ಆರಾಮಾಗಿ ಎಷ್ಟು ಓಡುತ್ತದೆ ನೋಡಿ, ಅದರ ಮೇಲೆ ಪ್ಲಾನ್ ಮಾಡಿ. ಎರಡು ತಾಸು ಓಡಿಸಿ ಮೂರು ತಾಸು ಕೂತು ಹರಟೆ ಹೊಡೆಯಬೇಕು. ಇದು ಉಲ್ಟಾ ಆದ ದಿನ ಜನ ಮುಂದಿನ ಸಲ ಬರುವುದಿಲ್ಲ.

ಕಿತ್ತೂರು ಒಳ್ಳೆಯ ಶುರು. ಸುಮಾರು ಐವತ್ತು ಕಿ.ಮೀ., ಹೆದ್ದಾರಿ ನೆಟ್ಟಗಿದೆ, ಕೋಟೆಯಲ್ಲಿ ಅರಮನೆಯ ಅವಶೇಷ ಮತ್ತು ವಸ್ತುಸಂಗ್ರಹಾಲಯ ಇವೆ, ಮಕ್ಕಳಿಗೆ ಓಡಾಡಲು ಜಾಗ ಇದೆ. ಇನ್ನೊಂದು ಕಣಕುಂಬಿ. ಮಲಪ್ರಭೆ ಹುಟ್ಟುವ ಜಾಗ, ಮಳೆಗಾಲ ಮುಗಿದ ಮೇಲೆ ಸುತ್ತಲೂ ಹಸಿರು. ಜಾಂಬೋಟಿ ಕಡೆಯ ರಸ್ತೆ ಹೇಗಿದೆ ಅಂತ ಹಿಂದಿನ ದಿನವೇ ಯಾರನ್ನಾದರೂ ಕೇಳಿ ಹೊರಡಿ. ಗೋಕಾಕ ಫಾಲ್ಸ್ ಎಲ್ಲರ ಬಾಯಲ್ಲೂ ಬರುತ್ತದೆ. ಘಟಪ್ರಭೆ ತುಂಬಿ ಬೀಳುವ ಹೊತ್ತಿಗೆ, ಅಂದರೆ ಜುಲೈನಿಂದ ಸೆಪ್ಟೆಂಬರ್‌ವರೆಗೆ, ಭಾನುವಾರ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಮೊದಲನೇ ಗೇರಿನಲ್ಲಿ ತೆವಳುತ್ತಾ ಹೋದರೆ ಕ್ಲಚ್ಚು, ರೇಡಿಯೇಟರು ಎರಡಕ್ಕೂ ಕಷ್ಟ. ಹೋಗಲೇಬೇಕೆಂದರೆ ವಾರದ ನಡುವೆ ಹೋಗಿ. ಕರದಂಟು ಮಾತ್ರ ಮರೆಯಬೇಡಿ.

ಘಟ್ಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಪದ್ಮಿನಿಗೆ, ಹಳೆ ಅಂಬಾಸಿಡರ್‌ಗೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಇಳಿಜಾರಿನಲ್ಲಿ ಕಾಲು ಒತ್ತಿಕೊಂಡೇ ಇದ್ದರೆ ಡ್ರಮ್ ಕಾಯುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ಹಿಡಿಯುವುದಿಲ್ಲ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಇನ್ನೂ ಒಳ್ಳೆಯದು, ಇಳಿಯಲೇ ಬೇಡಿ. ಬೆಳಗಾವಿಯಿಂದ ಆಂಬೋಲಿ ಊರಿನ ತನಕ ದೊಡ್ಡ ಇಳಿಜಾರು ಇಲ್ಲ. ಘಟ್ಟ ಶುರುವಾಗೋದು ಊರು ದಾಟಿ ಸಾವಂತವಾಡಿ ಕಡೆ ತಿರುಗಿದ ಮೇಲೆ. ಆಂಬೋಲಿಯಲ್ಲೇ ಚಹಾ ಕುಡಿದು ವಾಪಸ್ ಬನ್ನಿ. ದೂರ ನೂರರ ಮೇಲೆ ಹೋಗುತ್ತದೆ, ಹಾಗಾಗಿ ವರ್ಷಕ್ಕೆ ಒಂದು ಸಲ ಸಾಕು. ಗೋವಾಕ್ಕೆ ಇಳಿಯುವ ಆಸೆ ಎಲ್ಲರಿಗೂ ಇರುತ್ತದೆ. ಬಳಗ ಒಂದು ವರ್ಷ ಉಳಿದುಕೊಳ್ಳಲಿ, ಆಮೇಲೆ ನೋಡೋಣ.

ಸಾಲಿನಲ್ಲಿ ಮುಂದೆ ನಿಧಾನದ ಗಾಡಿ ಇರಲಿ. ಕೊನೆಯ ಗಾಡಿಯಲ್ಲಿ ಮಿಸ್ತ್ರಿ, ಹಗ್ಗ, ನೀರಿನ ಕ್ಯಾನು, ಫ್ಯಾನ್ ಬೆಲ್ಟು, ಕಿಡಿ ಹುಟ್ಟಿಸುವ ಪಾಯಿಂಟು, ಕಂಡೆನ್ಸರು ಇರಲಿ. ತಿರುವು ಬಂದ ಕಡೆ ಪ್ರತಿಯೊಬ್ಬರೂ ತಮ್ಮ ಹಿಂದಿನ ಗಾಡಿ ಕಾಣುವ ತನಕ ನಿಲ್ಲಬೇಕು. ಈ ಒಂದು ನಿಯಮ ಇದ್ದರೆ ಫೋನು ಬೇಕಾಗಿಲ್ಲ. ಮಧ್ಯಾಹ್ನ ಪದ್ಮಿನಿ ಇದ್ದಕ್ಕಿದ್ದಂತೆ ನಿಂತರೆ ಗಾಬರಿಯಾಗಬೇಡಿ. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನಲ್ಲಿ ಅದು ಬಿಸಿಯಾಗಿ ಆವಿ ಆಗಿರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಹತ್ತು ನಿಮಿಷ ನೆರಳಲ್ಲಿ ನಿಲ್ಲಿಸಿ, ಸ್ಟಾರ್ಟ್ ಆಗುತ್ತದೆ.

ಕಾಂಟೆಸಾ, ಹನುಮಾನ ನಗರ, ಬೆಳಗಾವಿ

ಎಲ್ಲಾ ಸರಿ ಅಣ್ಣಾ. ಆದರೆ 1.8 ಇಸುಝು ಎಂಜಿನ್ ಇಟ್ಟುಕೊಂಡು ಜೀಪಿನ ಹಿಂದೆ ನಲವತ್ತರಲ್ಲಿ ಹೋಗೋದು ಶಿಕ್ಷೆ ಅಲ್ವಾ?

ಪದ್ಮಿನಿ, ಶಹಾಪುರ, ಬೆಳಗಾವಿ

ಶಿಕ್ಷೆ ಹೌದು. ಅದಕ್ಕೇ ನಿಮಗೆ ಕೆಲಸ ಕೊಡೋದು. ಅರ್ಧ ತಾಸು ಮುಂಚೆ ಹೊರಟು ನಾಷ್ಟಾದ ಜಾಗ ಹಿಡಿಯಿರಿ, ನೆರಳಲ್ಲಿ ಪಾರ್ಕಿಂಗ್ ನೋಡಿ, ಉಪ್ಪಿಟ್ಟು ಹೇಳಿಡಿ. ವೇಗದ ಗಾಡಿ ಇರುವವರಿಗೆ ಈ ಜವಾಬ್ದಾರಿ ಕೊಟ್ಟ ಮೇಲೆ ನಮ್ಮಲ್ಲಿ ಜಗಳ ನಿಂತಿತು.

ಪದ್ಮಿನಿಯ ಪಕ್ಕದ ಸೀಟು, ನವನಗರ, ಬಾಗಲಕೋಟೆ

ಮನೆಯವರು ಒಂದೇ ಸಲಕ್ಕೆ ಸಾಕು ಅಂದರು ಅಂತ ಬರೆದಿದ್ದೀರಿ. ಯಾಕೆ ಅಂತ ನಾನು ಮನೆಯವಳು, ಹೇಳುತ್ತೇನೆ.

ಮೊದಲನೆಯದು ಶೌಚಾಲಯ. ನೀವು ಜಾಗ ಗೊತ್ತು ಮಾಡುವಾಗ ನೆರಳು ನೋಡುತ್ತೀರಿ, ಪೆಟ್ರೋಲ್ ಬಂಕ್ ನೋಡುತ್ತೀರಿ, ಇದನ್ನು ನೋಡುವುದಿಲ್ಲ. ಎರಡನೆಯದು, ಗಂಡಸರು ಬಾನೆಟ್ಟಿನೊಳಗೆ ತಲೆ ಹಾಕಿ ಒಂದು ತಾಸು ಕಾರ್ಬೊರೇಟರ್ ಮಾತಾಡುತ್ತೀರಿ. ನಾವು ಬಿಸಿಲಲ್ಲಿ ನಿಂತು ಏನು ಮಾಡಬೇಕು? ನಮ್ಮ ಬಳಗದಲ್ಲಿ ಈಗ ಊಟದ ಜಾಗದಲ್ಲಿ ಬಾನೆಟ್ ಎತ್ತುವ ಹಾಗಿಲ್ಲ. ಗಾಡಿ ಕೆಟ್ಟರೆ ಮಾತ್ರ ವಿನಾಯಿತಿ. ಮೂರನೆಯದು, ವಾಪಸ್ ಬರುವಾಗ ಓಡಿಸೋದು ನಾವು. ಸ್ಟೀರಿಂಗ್ ಪಕ್ಕದ ಗೇರು ಕಲಿಯಲು ಖಾಲಿ ರಸ್ತೆಯಲ್ಲಿ ಒಂದು ಬೆಳಗ್ಗೆ ಸಾಕಾಯಿತು. ಓಡಿಸಲು ಶುರು ಮಾಡಿದ ಮೇಲೆ ಮುಂದಿನ ತಿರುಗಾಟ ಯಾವಾಗ ಅಂತ ಕೇಳೋದು ನಮ್ಮ ಕಡೆಯಿಂದಲೇ.

ಊಟಕ್ಕೆ ಹೋಟೆಲ್ ಬೇಡ, ಬುತ್ತಿ ಕಟ್ಟಿ. ಆದರೆ ಎಲ್ಲರೂ ಎಲ್ಲವನ್ನೂ ಮಾಡಿಕೊಂಡು ಬಂದರೆ ಹೆಂಗಸರಿಗೆ ರಜೆ ಎಲ್ಲಿ? ಒಂದು ಮನೆಗೆ ರೊಟ್ಟಿ, ಇನ್ನೊಂದಕ್ಕೆ ಎಣ್ಣೆಗಾಯಿ, ಮತ್ತೊಂದಕ್ಕೆ ಶೇಂಗಾ ಚಟ್ನಿ ಮತ್ತು ಮೊಸರು, ಹೀಗೆ ಹಂಚಿಕೊಳ್ಳಿ. ಅಡುಗೆ ಬಾರದ ಬ್ರಹ್ಮಚಾರಿಗಳು ಚುರುಮುರಿ, ಬಾಳೆಹಣ್ಣು ತರಲಿ. ಒಂದು ತಿಂಗಳು ಯಾರೂ ಏನೂ ಮಾಡುವುದು ಬೇಡ ಅನ್ನಿಸಿದರೆ ನಮ್ಮ ಬನಶಂಕರಿಗೆ ಬನ್ನಿ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಅವ್ವಂದಿರ ಕೈಯ ರೊಟ್ಟಿ, ಕಾಳುಪಲ್ಯ, ಗಡಿಗೆ ಮೊಸರು ಇರುವಾಗ ಅಡುಗೆ ಯಾಕೆ? ಅಲ್ಲಿಂದ ಮಹಾಕೂಟ ಹತ್ತಿರ. ದೊಡ್ಡ ಮರಗಳಿವೆ, ಊಟೆಯ ನೀರಿನ ಹೊಂಡ ಇದೆ, ಮಕ್ಕಳು ಅಲ್ಲಿಂದ ಏಳುವುದಿಲ್ಲ. ಬಾದಾಮಿ ಗುಹೆಗೆ ಮೆಟ್ಟಿಲು ಜಾಸ್ತಿ, ವಯಸ್ಸಾದವರು ಇದ್ದರೆ ಬಿಡಿ. ಪುಷ್ಯದ ಹುಣ್ಣಿಮೆ ಸುತ್ತಮುತ್ತ ಬನಶಂಕರಿ ಜಾತ್ರೆ ಇರುತ್ತದೆ, ಆಗ ಕಾರು ತರಬೇಡಿ. ಮಾರ್ಚ್ ಮುಗಿದ ಮೇಲೂ ಬೇಡ. ಇಲ್ಲಿನ ಬಿಸಿಲಿಗೆ ಹಳೆ ಗಾಡಿಯೂ ತಡೆಯುವುದಿಲ್ಲ, ಅದರಲ್ಲಿ ಕೂತವರೂ ತಡೆಯುವುದಿಲ್ಲ.

ಅಂಬಾಸಿಡರ್, ವಿಜಯಪುರ

ಅಕ್ಕಾವರು ಬುತ್ತಿ ಅಂದಿದ್ದಕ್ಕೆ ನೆನಪಾಯಿತು. ನಮ್ಮದು ವರ್ಷದ ದೊಡ್ಡ ತಿರುಗಾಟ ಎಳ್ಳ ಅಮಾವಾಸ್ಯೆಗೆ. ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಅಡುಗೆಯ ಎಡೆ ಚೆಲ್ಲಲು, ಹಿಂದೆ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದರು, ನಾವು ಅಂಬಾಸಿಡರ್‌ಗಳ ಸಾಲು ಕಟ್ಟಿಕೊಂಡು ಹೋಗುತ್ತೇವೆ. ಬಳಗದ ಒಬ್ಬರ ಹೊಲ, ಎದೆಮಟ್ಟ ಜೋಳ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ, ಪುಂಡಿಪಲ್ಯ. ಡಿಕ್ಕಿ ತೆರೆದರೆ ಅದೇ ಊಟದ ಮೇಜು. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವುದರಿಂದ ಹವಾ ತಂಪಾಗಿರುತ್ತದೆ, ಎಂಜಿನ್ ಕಾಯುವ ಚಿಂತೆ ಇಲ್ಲ. ಹೊಲದ ಮಾಲೀಕರಿಗೂ ಖುಷಿ, ಸುತ್ತಲಿನ ಹೊಲದವರೂ ಬಂದು ಸ್ಟೀರಿಂಗ್ ಹಿಡಿದು ನೋಡುತ್ತಾರೆ.

ಒಂದೇ ಎಚ್ಚರಿಕೆ. ನಮ್ಮದು ಎರಿ ಭೂಮಿ, ಅಂಟುವ ಕಪ್ಪು ಮಣ್ಣು. ಹಿಂದಿನ ದಿನ ಒಂದು ಹನಿ ಮಳೆ ಬಿದ್ದಿದ್ದರೂ ಗಾಡಿಯನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು ನಡೆಯಿರಿ.

ಗೋಲಗುಮ್ಮಟದ ಎದುರು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯೋ ಆಸೆಯಿಂದ ಬೆಳಗಾವಿಯವರು ಬರುತ್ತಾರೆ. ಬನ್ನಿ, ಆದರೆ ಸುಮಾರು 200 ಕಿ.ಮೀ. ದಾರಿ, ಒಂದೇ ದಿನದಲ್ಲಿ ಹೋಗಿ ಬರುವ ಹಟ ಬೇಡ. ರಾತ್ರಿ ಉಳಿಯಿರಿ. ನಮ್ಮ ಮನೆಗಳಲ್ಲಿ ಹಾಸಿಗೆ ಹಾಸುತ್ತೇವೆ.

ಡಾಲ್ಫಿನ್, ಕ್ಯಾಂಪ್, ಬೆಳಗಾವಿ

ಸ್ಪೋರ್ಟ್ಸ್ ಕಾರು ಅಂದಿರಲ್ಲ, ನಿಮ್ಮ ಹೆರಾಲ್ಡ್ ಆ ಮನೆತನದ್ದೇ. ಬ್ರಿಟನ್ನಿನ ಟ್ರಯಂಫ್ ಕಂಪನಿ 1962ರಲ್ಲಿ ತಂದ ಸ್ಪಿಟ್‌ಫೈರ್ ಅನ್ನೋ ಎರಡು ಸೀಟಿನ ಕಾರು ಅವರದೇ ಹೆರಾಲ್ಡಿನ ಚಾಸಿಯನ್ನೇ, ಅಂದರೆ ಅಡಿಯ ಚೌಕಟ್ಟನ್ನೇ, ಗಿಡ್ಡ ಮಾಡಿ ಕಟ್ಟಿದ್ದು. ಎರಡರ ಮೈ ರೂಪಿಸಿದವರೂ ಒಬ್ಬರೇ, ಇಟಲಿಯ ಮಿಕೆಲೋಟ್ಟಿ. ಮುಂದಿನ ಸಲ ಬಾನೆಟ್ ಇಡಿಯಾಗಿ ಮುಂದಕ್ಕೆ ಮಗುಚಿದಾಗ ಬಂದವರಿಗೆ ಇದನ್ನು ಹೇಳಿ, ಜನ ನಿಂತು ಕೇಳುತ್ತಾರೆ. ನನ್ನದು ಬೆಂಗಳೂರಿನ ಸಿಪಾನಿಯವರ ಡಾಲ್ಫಿನ್. ಫೈಬರ್ ಮೈ, 848 ಸಿಸಿ, ಹಗುರ. ಒಂದು ಕಾಲಕ್ಕೆ ರ‍್ಯಾಲಿಗಳಲ್ಲಿ, ಶೋಲಾವರಂ ರೇಸಿನಲ್ಲಿ ಹೆಸರು ಮಾಡಿದ ಗಾಡಿ. ಈಗ ಕಂಡವರೆಲ್ಲ ಇದು ಯಾವ ಹೊಸ ಮಾಡೆಲ್ ಅಂತ ಕೇಳುತ್ತಾರೆ!

ಆಟ ಬೇಕೆಂದರೆ ಸಮಯದ ಆಟ ಇಡಿ. ರಸ್ತೆಯ ವಿವರ ಬರೆದ ಚೀಟಿ ಕೊಡಿ, ಇಷ್ಟು ಕಿಲೋಮೀಟರನ್ನು ಸರಾಸರಿ ಮೂವತ್ತರ ವೇಗದಲ್ಲಿ ಮುಗಿಸಿ ಅನ್ನಿ. ಬೇಗ ಬಂದರೂ ಅಂಕ ಹೋಗುತ್ತದೆ, ತಡವಾದರೂ ಹೋಗುತ್ತದೆ. ಜೀಪೂ ಗೆಲ್ಲಬಹುದು, ಕಾಂಟೆಸಾವೂ ಸೋಲಬಹುದು. ಪಕ್ಕದಲ್ಲಿ ಕೂತು ಲೆಕ್ಕ ಹಾಕುವವರೇ ಇಲ್ಲಿ ಮುಖ್ಯ, ಹೈಸ್ಕೂಲ್ ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ದಾರಿಯಲ್ಲಿ ಪ್ರಶ್ನೆಗಳನ್ನೂ ಇಡಿ: ಕಾಕತಿಯಲ್ಲಿ ಹುಟ್ಟಿದ ರಾಣಿ ಯಾರು, ಈ ಸೇತುವೆ ಕೆಳಗಿನ ನದಿ ಯಾವುದು, ಹೀಗೆ. ರಸ್ತೆಯಲ್ಲಿ ಯಾರು ವೇಗ ಅನ್ನುವ ಪಂದ್ಯ ಮಾತ್ರ ಯಾವ ಹೆಸರಿನಲ್ಲೂ ಬೇಡ.

ಚಂದದ ಗಾಡಿಗೆ ಬಹುಮಾನ ಕೊಡಲು ಹೋಗಬೇಡಿ. ಬಣ್ಣ ಅಸಲಿಯಾ, ಸೀಟು ಅಸಲಿಯಾ ಅಂತ ಶುರುವಾದ ವಾದ ವಾಟ್ಸಾಪ್‌ನಲ್ಲಿ ವಾರಗಟ್ಟಲೆ ನಡೆಯುತ್ತದೆ. ಕೊಡಲೇಬೇಕೆಂದರೆ ಮಕ್ಕಳ ಕೈಗೆ ಮತ ಕೊಡಿ. ಅವರು ಯಾವಾಗಲೂ ಹಾರ್ನ್ ಚೆನ್ನಾಗಿರುವ ಗಾಡಿಗೇ ಹಾಕುತ್ತಾರೆ, ಯಾರೂ ಬೇಜಾರಾಗುವುದಿಲ್ಲ.

ಕಾಗದಪತ್ರದವರು, ಚಿಕ್ಕೋಡಿ

ದಾಖಲೆಗಳ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದರು. ಇನ್ನೊಂದು ದಾರಿ ವಿಂಟೇಜ್ ನೋಂದಣಿ. 2021ರಲ್ಲಿ ಬಂದ ನಿಯಮ. 50 ವರ್ಷ ದಾಟಿರಬೇಕು, ಚಾಸಿ, ಮೈ, ಎಂಜಿನ್ ಮೂಲದ ಹಾಗೇ ಇರಬೇಕು. ಹೊಸದಾಗಿ ಮಾಡಿಸಲು 20,000, ಮುಂದೆ ನವೀಕರಣಕ್ಕೆ 5,000, ಮಾನ್ಯತೆ 10 ವರ್ಷ. ಈಗಿರುವ ಹಳೆ ನಂಬರ್ ಉಳಿಸಿಕೊಳ್ಳಬಹುದು. ನಿಮ್ಮ 1968ರ ಹೆರಾಲ್ಡಿಗೆ ಅವಕಾಶ ಇದೆ.

ಆದರೂ ನನ್ನ ಸಲಹೆ, ತಿಂಗಳಿಗೊಮ್ಮೆ ಮನೆಮಂದಿ ಜೊತೆ ತಿರುಗಾಡುವವರು ಸಾಮಾನ್ಯ ನೋಂದಣಿಯನ್ನೇ ಇಟ್ಟುಕೊಳ್ಳಿ. ವಿಂಟೇಜ್ ಗಾಡಿಯನ್ನು ಪ್ರದರ್ಶನ, ಸಂಶೋಧನೆ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗೋದು ಆ ಪಟ್ಟಿಯಲ್ಲಿಲ್ಲ.

ವಿಮೆ, ಹೊಗೆ ತಪಾಸಣೆ ಪ್ರತಿ ಗಾಡಿಗೂ ಇರಲೇಬೇಕು. ಪೂರ್ತಿ ವಿಮೆ ಮಾಡಿಸುವುದಾದರೆ, ಐದು ವರ್ಷ ದಾಟಿದ ಗಾಡಿಯ ಬೆಲೆಯನ್ನು ನೀವು ಮತ್ತು ವಿಮೆಯವರು ಮಾತಾಡಿ ಒಪ್ಪಿಕೊಳ್ಳೋದು. ಫೋಟೊ, ರಿಪೇರಿ ರಸೀದಿ ತೋರಿಸಿ ಮಾತಾಡಿ. ಬ್ಯಾನರ್ ಕಟ್ಟಿ ಸಾಲಾಗಿ ಊರೊಳಗೆ ಹೋಗುವುದಾದರೆ ಠಾಣೆಗೆ ಮೊದಲೇ ಅರ್ಜಿ ಕೊಡಿ. ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಇರುವಾಗ, ನವೆಂಬರ್ 1ರ ಮೆರವಣಿಗೆಯ ದಿನ ಬೆಳಗಾವಿಯಲ್ಲಿ ಇಂಥದ್ದು ಬೇಡವೇ ಬೇಡ.

ಸಂಘ ನೋಂದಾಯಿಸಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸಾಕು. ನಿಮ್ಮ ಹತ್ತಿರ ಜನ ಇದ್ದಾರೆ, ಆದರೂ ಈಗಲೇ ಮಾಡಬೇಡಿ ಅನ್ನುತ್ತೇನೆ. ಅಧ್ಯಕ್ಷರು ಯಾರು ಅನ್ನೋ ಪ್ರಶ್ನೆಗೆ ಎಷ್ಟೋ ಬಳಗ ಒಡೆದಿವೆ.

ಕಾಂಟೆಸಾ, ಹನುಮಾನ ನಗರ, ಬೆಳಗಾವಿ

ನಾನು ಇದನ್ನು ಒಪ್ಪೋದಿಲ್ಲ. ನೋಂದಣಿ ಇಲ್ಲದಿದ್ದರೆ ಬಳಗದ ಹೆಸರಲ್ಲಿ ಬ್ಯಾಂಕ್ ಖಾತೆ ಇರುವುದಿಲ್ಲ, ದುಡ್ಡು ಒಬ್ಬರ ಫೋನಿಗೆ ಹೋಗುತ್ತದೆ. ಸಣ್ಣ ಮೊತ್ತ ಇರುವಾಗ ಯಾರೂ ಕೇಳುವುದಿಲ್ಲ, ದೊಡ್ಡದಾದಾಗ ಮುಖ ಸಿಂಡರಿಸುತ್ತಾರೆ.

ಪದ್ಮಿನಿಯ ಪಕ್ಕದ ಸೀಟು, ನವನಗರ, ಬಾಗಲಕೋಟೆ

ದುಡ್ಡು ಕೂಡಿಸದಿದ್ದರೆ ಖಾತೆ ಯಾಕೆ? ಪೆಟ್ರೋಲ್ ಅವರವರದು. ಚಹಾ, ನಾಷ್ಟಾ ಅವತ್ತೇ ತಲೆಗೆ ಇಷ್ಟು ಅಂತ ಭಾಗ ಮಾಡಿ ಅವತ್ತೇ ಮುಗಿಸಿ. ನಮ್ಮಲ್ಲಿ ಹಾಗೇ ನಡೆದಿದೆ.

ಲೇಥ್, ಉದ್ಯಮಬಾಗ, ಬೆಳಗಾವಿ

ನನ್ನ ಹತ್ತಿರ ಹಳೆ ಕಾರಿಲ್ಲ, ಹಳೆ ಕಾರಿನವರು ನನ್ನ ಹತ್ತಿರ ಬರುತ್ತಾರೆ. ಬುಷ್, ಪಿನ್, ಪುಲ್ಲಿ ಅಂಗಡಿಯಲ್ಲಿ ಸಿಗದಿದ್ದಾಗ ಇಲ್ಲಿ ಲೇಥ್ ಮೇಲೆ ಮಾಡಿಸಿಕೊಂಡು ಹೋಗುತ್ತಾರೆ. ಫೌಂಡ್ರಿಯಿಂದ ಹಿಡಿದು ಗ್ರೈಂಡಿಂಗ್ ತನಕ ಎಲ್ಲ ಒಂದೇ ಕಡೆ ಇರೋ ಊರು ನಮ್ಮದು. ಜೋರು ಮಳೆಯ ತಿಂಗಳಲ್ಲಿ ತಿರುಗಾಟ ಆಗುವುದಿಲ್ಲವಲ್ಲ, ಆಗ ಎಲ್ಲರೂ ಒಂದು ವರ್ಕ್‌ಶಾಪ್‌ಗೆ ಬನ್ನಿ. ಪೆಟ್ರೋಲ್ ಪೈಪುಗಳನ್ನು ಅವತ್ತು ತಪ್ಪದೇ ನೋಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ ಇಪ್ಪತ್ತರಷ್ಟು ಎಥೆನಾಲ್ ಇರುತ್ತದೆ, ಹಳೆ ರಬ್ಬರ್ ಅದಕ್ಕೆ ಮೆತ್ತಗಾಗಿ ಬಿರಿಯುತ್ತದೆ. ಪಂಪಿನ ಒಳಗಿನ ಪೊರೆ, ಡಯಾಫ್ರಂ, ಕೂಡ ಹಾಗೇ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಹೇಳಬೇಕಾಗಿಲ್ಲ. ಎಥೆನಾಲ್ ತಡೆಯುವ ಪೈಪು ಹಾಕಿಸಿ, ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಒಂದು ಸೀಟಿನ ಕೆಳಗೆ ಇಡಿ. ಮಿರ್ಚಿ ಭಜಿ ನಾನು ತರಿಸುತ್ತೇನೆ.

ಹೆರಾಲ್ಡ್, ಟಿಳಕವಾಡಿ, ಬೆಳಗಾವಿ

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಓದಿ ಹೇಳಿದೆ. ವಾಪಸ್ ಬರುವಾಗ ಹೆಂಗಸರು ಓಡಿಸುವ ನಿಯಮ ಈಗಾಗಲೇ ಜಾರಿಯಾಗಿದೆ. ಕಿತ್ತೂರಿನಿಂದಲೇ ಶುರು ಮಾಡುತ್ತೇವೆ. ಅಕ್ಟೋಬರ್ ಕೊನೆಯ ಭಾನುವಾರವಾ, ನವೆಂಬರಾ?

ಪದ್ಮಿನಿ, ಶಹಾಪುರ, ಬೆಳಗಾವಿ

ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ, ಅದರ ಆಸುಪಾಸಿನ ದಿನಗಳಲ್ಲಿ ಕೋಟೆ ಹತ್ತಿರ ಕಾಲಿಡಲು ಜಾಗ ಇರುವುದಿಲ್ಲ. ನವೆಂಬರ್ ಎರಡನೇ ಭಾನುವಾರ ಇಡಿ. ಆದರೆ ಆಗ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು, ಎಷ್ಟೋ ಟ್ರೇಲರ್‌ಗಳ ಹಿಂದೆ ದೀಪ ಇರುವುದಿಲ್ಲ. ನಮ್ಮ ಡೈನಮೊ ಗಾಡಿಗಳ ಹೆಡ್‌ಲೈಟ್ ಎಷ್ಟು ಮಂಕು ಅಂತ ನಿಮಗೆ ಗೊತ್ತೇ ಇದೆ. ಬೆಳಗ್ಗೆ ಏಳಕ್ಕೆ ಹೊರಡಿ, ಸಂಜೆ ನಾಲ್ಕರೊಳಗೆ ಗಾಡಿ ಮನೆ ಸೇರಲಿ. ಕೊನೆಯ ಗಾಡಿ ನಾನು ಓಡಿಸುತ್ತೇನೆ, ಹಗ್ಗ ನನ್ನ ಹತ್ತಿರ ಇದೆ.