‘ಬೆಳಕಿನ ಏತ’ ಎನ್ನಬಹುದೇ? ಪಂಪು, ಚಾನೆಲ್‌ಗಳಿಗೆ ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಬೆಳಕು ಬಿದ್ದಾಗ ಜೀವಕೋಶದ ಪೊರೆಯಾಚೆಗೆ ಅಯಾನುಗಳನ್ನು (ವಿದ್ಯುದಂಶ ಹೊತ್ತ ಕಣಗಳನ್ನು) ದಾಟಿಸುವ ಪ್ರೋಟೀನುಗಳ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಪದ ಕಾಡುತ್ತಿವೆ.

ಮೊದಲನೆಯದು ಪಂಪು. ಉಪ್ಪು ಹರಳುಗಟ್ಟುವಂಥ ನೀರಿನಲ್ಲಿ ಬದುಕುವ ಹ್ಯಾಲೋಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿಯ ನೇರಳೆ ಪೊರೆಯಲ್ಲಿ 1971ರಲ್ಲಿ ಗುರುತಿಸಿದ ಬ್ಯಾಕ್ಟೀರಿಯೋರೊಡಾಪ್ಸಿನ್ ಎಂಬ ಪ್ರೋಟೀನು ಇದಕ್ಕೆ ಮಾದರಿ. ಅದರ ಒಡಲಲ್ಲಿ ರೆಟಿನಲ್ ಎಂಬ ಪುಟ್ಟ ಅಣು ಕೂತಿದೆ. ಬೆಳಕು ತಾಗಿದರೆ ಅದು ಸೊಟ್ಟಗಾಗಿ ಮತ್ತೆ ನೆಟ್ಟಗಾಗುತ್ತದೆ. ಅಷ್ಟರಲ್ಲಿ ಒಂದು ಪ್ರೋಟಾನು (ಹೈಡ್ರೋಜನ್ ಅಯಾನು) ಒಳಗಿನಿಂದ ಹೊರಕ್ಕೆ ದಾಟಿರುತ್ತದೆ. ಪ್ರತಿ ಸುತ್ತಿನಲ್ಲಿ ಒಂದೇ ಪ್ರೋಟಾನು. ಹೊರಗಡೆ ಪ್ರೋಟಾನು ಆಗಲೇ ಹೆಚ್ಚಿದ್ದರೂ ದಾಟುತ್ತದೆ, ಏಕೆಂದರೆ ಬಲ ಬೆಳಕಿನದು. ಇದರ ದಾಯಾದಿ ಹ್ಯಾಲೋರೊಡಾಪ್ಸಿನ್ ಕ್ಲೋರೈಡನ್ನು ಒಳಕ್ಕೆ ತರುತ್ತದೆ.

ಎರಡನೆಯದು ಚಾನೆಲ್. ಕ್ಲಾಮಿಡೋಮೊನಸ್ ಎಂಬ ಹಸಿರು ಪಾಚಿಯ ಚಾನೆಲ್‌ರೊಡಾಪ್ಸಿನ್. ಅಲ್ಲೂ ರೆಟಿನಲ್ಲೇ, ಅಲ್ಲೂ ಬೆಳಕೇ. ಆದರೆ ಬೆಳಕು ಬಾಗಿಲನ್ನಷ್ಟೇ ತೆರೆಯುತ್ತದೆ. ತೆರೆದಿರುವಷ್ಟು ಹೊತ್ತು ಅಯಾನುಗಳು ಇಳಿಜಾರು ಸಿಕ್ಕ ಕಡೆಗೆ ತಾವಾಗಿಯೇ ನುಗ್ಗುತ್ತವೆ.

ನಾನು ಎರಡಕ್ಕೂ ‘ಅಯಾನುಗಳನ್ನು ಹರಿಸುತ್ತದೆ’ ಎಂದು ಬರೆದಿದ್ದೆ. ಒಬ್ಬ ಹುಡುಗಿ ಓದಿ, “ಎರಡೂ ಒಂದೇ ಕೆಲ್ಸ ಮಾಡ್ತವಲ್ಲ ಸಾ, ಎರಡು ಹೆಸರು ಯಾಕೆ?” ಅಂದಳು. ತಪ್ಪು ನನ್ನ ಕ್ರಿಯಾಪದದ್ದು. ಹರಿಸುವುದರಲ್ಲಿ ಬಲ ಯಾರದು ಎಂಬುದೇ ಕಾಣುವುದಿಲ್ಲ.

ನಮ್ಮ ಕಡೆ ಈ ಭೇದ ಮಾತಿನಲ್ಲೇ ಇದೆ. ಕನ್ನಂಬಾಡಿಯಿಂದ ನಾಲೆಗೆ ನೀರು ‘ಬಿಟ್ಟರು’ ಅನ್ನುತ್ತೇವೆ, ‘ಎತ್ತಿದರು’ ಅನ್ನುವುದಿಲ್ಲ. ತಗ್ಗಿನ ನೀರನ್ನು ದಿಣ್ಣೆಗೆ ತರುವುದಕ್ಕೆ ಏತ ಬೇಕು, ಕಟ್ಟಿ ನಿಂತ ನೀರಿಗೆ ತೂಬು ಸಾಕು. ಹಾಗಾಗಿ ಪಂಪಿಗೆ ‘ಏತ’, ಚಾನೆಲ್‌ಗೆ ‘ತೂಬು’ ಎಂದು ಇಡಬೇಕೆಂದಿದ್ದೇನೆ. ಕಾಲುವೆ, ವಾಹಿನಿ ಎರಡನ್ನೂ ಬಿಟ್ಟೆ, ಅವುಗಳಲ್ಲಿ ಬಾಗಿಲಿಲ್ಲ. ಏತ ಹಳೇ ಕಾಲದ್ದಾಯಿತು ಎನ್ನುವವರಿಗೆ, ಮೋಟಾರು ಬಂದ ಮೇಲೂ ‘ಏತ ನೀರಾವರಿ’ ಎಂದೇ ಹೇಳುತ್ತೇವಲ್ಲ. ಒಂದು ಸಲಕ್ಕೆ ಒಂದು ಕೊಡ ನೀರು ಎತ್ತುವುದೂ ಸುತ್ತಿಗೊಂದು ಪ್ರೋಟಾನಿಗೆ ಚೆನ್ನಾಗಿ ಒಪ್ಪುತ್ತದೆ.

ತೊಡಕು ಷಷ್ಠಿ ವಿಭಕ್ತಿಯಲ್ಲಿದೆ. ‘ಬೆಳಕಿನ ಏತ’ ಎಂದರೆ ಬೆಳಕು ನಡೆಸುವ ಏತವೋ, ಬೆಳಕನ್ನೇ ಎತ್ತುವ ಏತವೋ? ‘ಎತ್ತಿನ ಗಾಣ’ದಲ್ಲಿ ಎತ್ತು ಗಾಣವನ್ನು ಎಳೆಯುತ್ತದೆ, ‘ಕಬ್ಬಿನ ಗಾಣ’ದಲ್ಲಿ ಕಬ್ಬು ಅರೆಯಲ್ಪಡುತ್ತದೆ, ಆದರೂ ಆಲೆಮನೆಯಲ್ಲಿ ಯಾರಿಗೂ ಗೊಂದಲವಿಲ್ಲ. ಆ ಧೈರ್ಯದ ಮೇಲೆ ‘ಬೆಳಕಿನ ಏತ’, ‘ಪ್ರೋಟಾನಿನ ಏತ’ ಎರಡನ್ನೂ ಬಳಸಬಹುದೇ? ಇನ್ನು ‘ಬೆಳಕಿನ ತೂಬು’ ಎಂದಾಗ ಬೆಳಕು ನೂಕುವುದಿಲ್ಲ, ತೆರೆಯುತ್ತದೆ ಅಷ್ಟೆ. ಒಂದೇ ವಿಭಕ್ತಿ ಈ ಎರಡೂ ಕೆಲಸವನ್ನು ಹೊರುತ್ತದೆಯೇ, ಅಥವಾ ‘ಬೆಳಕು ತೆರೆಯುವ ತೂಬು’ ಎಂದು ಬಿಡಿಸಿಯೇ ಬರೆಯಬೇಕೇ? ‘ತೂಬು ಎತ್ತು’ ಎಂಬ ನಮ್ಮ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ, ಏತದ ‘ಎತ್ತು’ವಿನ ಜೊತೆ ಕಲೆಸಿಹೋಗುತ್ತದೆ.

ಎರಡಕ್ಕೂ ಸಾಮಾನ್ಯವಾಗಿ ಒಂದು ಕ್ರಿಯಾಪದ ಬೇಕಾದಾಗ ‘ಹಾಯಿಸು’ ಹೊಳೆಯಿತು. ಗದ್ದೆಗೆ ನೀರು ಹಾಯಿಸುತ್ತೇವೆ, ಹೊಳೆ ಹಾಯ್ದು ಹೋಗುತ್ತೇವೆ. ಆಚೆಗೆ ದಾಟುವ ಅರ್ಥ ಅದರಲ್ಲಿದೆ. ಬೆಳಗಾವಿ, ಕಲಬುರಗಿ ಕಡೆಯವರಿಗೆ ತೂಬು, ಹಾಯಿಸು ಇದೇ ಅರ್ಥದಲ್ಲಿ ಕೇಳಿಸುತ್ತವೆಯೇ? ಅಲ್ಲಿ ಬೇರೆ ಪದಗಳಿದ್ದರೆ ದಯವಿಟ್ಟು ತಿಳಿಸಿ.