ಬೆಂಗಳೂರಿನಿಂದ ಪುಣೆಗೆ: ತೆರಿಗೆ ಹೆಚ್ಚಾಗುತ್ತಾ?

ಪ್ರಶ್ನೆ: ಕೆಲಸ ಹಿಂಜವಡಿಯಲ್ಲಿ, ಸಂಬಳ ಅಷ್ಟೇ. ಮಹಾರಾಷ್ಟ್ರದಲ್ಲಿ ತೆರಿಗೆ ಜಾಸ್ತಿಯಂತೆ, ನಿಜವೇ? ಕೆಎ ನಂಬರಿನ ಕಾರೂ ಇದೆ.

ಕೋಥರೂಡ್ ಕನ್ನಡಿಗ: ಆದಾಯ ತೆರಿಗೆ ಕೇಂದ್ರದ್ದು, ಊರು ಬದಲಾದರೆ ಬದಲಾಗಲ್ಲ. ಸಂಬಳದಿಂದ ರಾಜ್ಯಕ್ಕೆ ಹೋಗುವುದು ವೃತ್ತಿ ತೆರಿಗೆ ಮಾತ್ರ: ತಿಂಗಳಿಗೆ 200, ಫೆಬ್ರವರಿಯಲ್ಲಿ 300. ಸಂವಿಧಾನದ 276ನೇ ವಿಧಿಯ ಪ್ರಕಾರ ವರ್ಷಕ್ಕೆ 2,500 ದಾಟುವಂತಿಲ್ಲ. ಗೋವಾದಲ್ಲಿ ಅದೂ ಇಲ್ಲ. ಇಷ್ಟಕ್ಕೆ ತಲೆ ಕೆಡಿಸ್ಕೋಬೇಡಿ, ಬಾಡಿಗೆ ನೋಡಿ.

ಬಾಡಿಗೆ ಲೆಕ್ಕ: ಇಲ್ಲಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು (ಮನೆ ಬಳಸಲು ಅನುಮತಿ ಮಾತ್ರ ಕೊಡುವ ಬಾಡಿಗೆ ಪತ್ರ), ನೋಂದಣಿ ಕಡ್ಡಾಯ. 11 ತಿಂಗಳ ಒಟ್ಟು ಬಾಡಿಗೆಗೆ ಠೇವಣಿಯ ಮೇಲಿನ ವಾರ್ಷಿಕ 10% ಬಡ್ಡಿ ಸೇರಿಸಿ, ಆ ಮೊತ್ತದ 0.25% ಮುದ್ರಾಂಕ ಶುಲ್ಕ. ಬಾಡಿಗೆ 30,000, ಠೇವಣಿ ಒಂದು ಲಕ್ಷವಾದರೆ ಸುಮಾರು 850 ರೂಪಾಯಿ; ನೋಂದಣಿಗೆ ನಗರದಲ್ಲಿ 1,000. ಏಜೆಂಟರು ಹೇಳುವ ಮೊತ್ತಕ್ಕೂ ಇದಕ್ಕೂ ತಾಳೆ ಹಾಕಿ! ಸೊಸೈಟಿ ಮೇಂಟೆನೆನ್ಸ್ ಯಾರದು ಅಂತ ಕರಾರಿನಲ್ಲೇ ಬರೆಸಿ.

ಆರ್‌ಟಿಒ ಬಲ್ಲವ: ಜೇಬಿಗೆ ಕತ್ತರಿ ಬೀಳೋದು ಕಾರಿನಿಂದ. 12 ತಿಂಗಳು ಮೀರಿದರೆ ಎಂಎಚ್ ನಂಬರ್ ಬೇಕು. ಮೊದಲು ಬೆಂಗಳೂರಿನಲ್ಲಿ ಫಾರ್ಮ್ 28ರ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ (ಸಾಲವಿದ್ದರೆ ಬ್ಯಾಂಕಿನದೂ), ಆಮೇಲೆ ಪುಣೆಯಲ್ಲಿ ಹೊಸ ನಂಬರಿಗೆ ಫಾರ್ಮ್ 27ರ ಅರ್ಜಿ ಮತ್ತು ರಸ್ತೆ ತೆರಿಗೆ. ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯ ಉಳಿಕೆ ಪಾಲು ವಾಪಸ್ ಕೇಳಬಹುದು, ಆದರೆ ಹೊಸ ಆರ್‌ಸಿ (ನೋಂದಣಿ ಪತ್ರ) ಕೈಗೆ ಬಂದ ಮೇಲೆ. ಅಂದರೆ ಅಲ್ಲಿಯವರೆಗೆ ಎರಡೂ ಕಡೆಯ ತೆರಿಗೆ ಹೊರೆ ನಿಮ್ಮದೇ. ಹಳೇ ಕಾರಾದರೆ ಮಾರಿ ಬರುವುದೇ ವಾಸಿ.